ಉಡಿಯಕ್ಕಿಯ ಡಬ್ಬಿ

ಟೆಂಟು ನನ್ನದಲ್ಲ, ಅವರದು. ಅವರು ಅಂದರೆ ನನ್ನ ಗಂಡ. ಮೂರು ವರ್ಷದ ಹಿಂದೆ ಸೊಲ್ಲಾಪುರದಲ್ಲಿ ಗೆಳೆಯನ ಮಗಳ ಮದುವೆ ಇದೆ, ಎರಡು ದಿನದಲ್ಲಿ ಬರುತ್ತೇನೆ ಎಂದು ಹೋದವರು ಅಲ್ಲೇ ಉಳಿದುಬಿಟ್ಟರು. ನಮಗೆ ಜಗಳವಾಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ತಪ್ಪು ಯಾರದು ಎಂದಾದರೂ ಗೊತ್ತಾಗುತ್ತಿತ್ತು. ಅಲ್ಲಿ ಯಾವಳೋ ಇದ್ದಾಳೆ ಎಂದು ಜನ ಆಡಿಕೊಂಡರು. ಯಾರೂ ಇರಲಿಲ್ಲ, ನಾನೇ ಒಮ್ಮೆ ಹೋಗಿ ನೋಡಿ ಬಂದೆ. ಒಂದು ರೂಮು, ಒಂದು ಸ್ಟೌವು, ಒಂದು ಲೋಟ. "ಯಾಕ್ರಿ ಇಲ್ಲಿ ಕುಂತೀರಿ?" ಎಂದರೆ "ಏನೋ, ಹಿಂಗ" ಎಂದರು. ಆಮೇಲೆ ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು.

"ಆರಾಮ ಇದ್ದೀಯೇನ?"

"ಆರಾಮ ಇದ್ದೀನ್ರಿ."

"ಅತ್ತಿಯವರು?"

"ಅದಾಳ್ರಿ, ಆರಾಮ."

ಅಷ್ಟಕ್ಕೆ ಮುಗಿಯಿತು. ಇಷ್ಟೇ ಮಾತಿನಲ್ಲಿ ಮೂರು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಹೈದರಾಬಾದಿನಲ್ಲಿ ಇನ್ನೊಂದು ಜೋಡಿ ಇರಲಿಕ್ಕಿಲ್ಲ.

ಹೋದ ಚಳಿಗಾಲದಲ್ಲಿ ಒಂದು ದಿನ ಬೇಗಂಪೇಟೆಯ ನನ್ನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಅವರ ಮೆಸೇಜು ಬಂತು. "ಇಲ್ಲಿ ರೂಮು ಖಾಲಿ ಮಾಡಬೇಕಾಗೇತಿ. ಮನಿಗೆ ಬರಬೇಕು ಅನ್ನಸಾಕತ್ತೈತಿ. ಬರ್ಲೋ ಬ್ಯಾಡೋ, ಮುಂದಿನ ರವಿವಾರದೊಳಗ ಹೇಳು." ಓದಿ ಮೈ ಉರಿದುಹೋಯಿತು. ಹೋಗುವಾಗ ಕೇಳಿದ್ದರೇನು, ಬರುವಾಗ ಕೇಳಲಿಕ್ಕೆ? "ಬರಬ್ಯಾಡ್ರಿ" ಎಂದು ಟೈಪು ಮಾಡಿದೆ, ಅಳಿಸಿದೆ. "ಬರ್ರಿ" ಎಂದು ಟೈಪು ಮಾಡಿದೆ, ಅದನ್ನೂ ಅಳಿಸಿದೆ. ಅವರೇನು ಕೆಟ್ಟವರಲ್ಲ. ನನಗೆ ಕೆಮ್ಮು ಬಂದರೆ ಕೇಳದೇ ಎದ್ದು ಶುಂಠಿ ಜಜ್ಜಿ ಕಷಾಯ ಕಾಸಿ ಕೊಡುತ್ತಿದ್ದರು. ಕಿತ್ತಳೆ ಸುಲಿದರೆ ನಾರು ತೆಗೆದು ಪೂರ್ತಿ ನನ್ನ ಕೈಗೇ ಇಡುತ್ತಿದ್ದರು. ಅಂಥ ಮನುಷ್ಯ ಯಾಕೆ ಹೋದರು, ಈಗ ಯಾಕೆ ಬರುತ್ತಾರೆ, ನನಗೆ ಅವರು ಬೇಕೋ ಬೇಡವೋ, ಒಂದೂ ತಿಳಿಯದೆ ಡಬ್ಬಿಯ ಪಲ್ಯ ಆರಿಹೋಯಿತು.

ಮನೆ ಎಂದರೆ ನಾನು ಮತ್ತು ಅವ್ವ. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ, ಮಾಳಿಗೆಯ ಮೇಲೆ. ಅಪ್ಪ ಅದೇ ಬಜಾರಿನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ಅಪ್ಪ ತೀರಿಕೊಂಡು ಹನ್ನೊಂದು ವರ್ಷ, ಆಗಲೇ ನಾನೂ ನನ್ನ ಗಂಡನೂ ಅವ್ವನ ಜೊತೆ ಇರಲು ಬಂದದ್ದು. ಅವ್ವ ಹುಮನಾಬಾದ್ ಕಡೆಯವಳು. ನಲವತ್ತೈದು ವರ್ಷ ಹೈದರಾಬಾದಿನಲ್ಲಿದ್ದು, ತೆಲುಗು, ಹಿಂದಿ ಎರಡರಲ್ಲೂ ಚೌಕಾಸಿ ಮಾಡಿ ಅಂಗಡಿಯವರನ್ನು ಅಳಿಸಬಲ್ಲಳು. ಆದರೆ ಊರಿನಿಂದ ತಂದ ಒಂದು ಪದ್ಧತಿಯನ್ನು ಮಾತ್ರ ಅವಳು ಬಿಟ್ಟಿಲ್ಲ. ಮನೆಯಿಂದ ಹೆಣ್ಣುಮಗಳು ದೂರ ಹೊರಟರೆ ಉಡಿ ತುಂಬಬೇಕು. ಕುಂಕುಮ ಹಚ್ಚಿ, ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಷಿಣದ ಬೇರು, ಎಲೆ ಅಡಿಕೆ, ಮೇಲೊಂದು ಖಣ ಅಂದರೆ ಕುಪ್ಪಸದ ಬಟ್ಟೆ. ತುಂಬಿಸಿಕೊಂಡವಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತುಂಬಿದವರ ತಾಟಿಗೆ ತಿರುಗಿ ಕೊಡಬೇಕು, ಇದು ನಮ್ಮ ಮನೆಯ ರೂಢಿ.

ಗಂಡ ಇಲ್ಲದವಳು ಮುತ್ತೈದೆಯ ಉಡಿ ತುಂಬಬಾರದು ಎನ್ನುವ ಬಂಧುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. "ನನ್ನ ಮಗಳು, ನನ್ನ ಅಕ್ಕಿ, ನಿಮಗೇನ್ರಿ ತ್ರಾಸು?" ಎಂದು ಅವ್ವ ಅವರ ಬಾಯಿ ಮುಚ್ಚಿಸಿದ್ದಾಳೆ. ತುಂಬುವುದೇನೋ ಸರಿ, ಅಪ್ಪ ಹೋದ ಮೇಲೆ ಅವಳ ಉಡಿಯನ್ನು ಮಾತ್ರ ಯಾರೂ ತುಂಬಿಲ್ಲ. ಅವಳೂ ಕೇಳಿಲ್ಲ, ನನಗೂ ಹೊಳೆದಿಲ್ಲ.

ಇನ್ನು ನನ್ನ ಉಡಿಯ ಅಕ್ಕಿಯ ಕಥೆ. ಅದನ್ನು ಗಂಡ ಹೆಂಡತಿ ಕೂಡಿ ಉಣ್ಣಬೇಕು, ಒಬ್ಬಳೇ ಉಣ್ಣಬಾರದು ಎಂಬುದು ಅವ್ವನ ಕಾಯಿದೆ. ಹಾಗಾಗಿ ಮೂರು ವರ್ಷದಿಂದ ನಾನು ಎಲ್ಲಿಗೆ ಹೋದರೂ ಬಂದರೂ, ಆಫೀಸಿನ ಟ್ರೇನಿಂಗಿಗೆ ಹೋದರೂ ಸಹ, ತುಂಬಿದ ಅಕ್ಕಿ ಒಂದು ಸ್ಟೀಲಿನ ಡಬ್ಬಿಗೆ ಸೇರುತ್ತಿತ್ತು. "ಅಳಿಯಂದ್ರು ಬಂದ ದಿನ ಬೆಲ್ಲದನ್ನ ಮಾಡೂಣು" ಎನ್ನುತ್ತಿದ್ದಳು. ಡಬ್ಬಿ ಮುಕ್ಕಾಲು ತುಂಬಿತ್ತು. ಮುಚ್ಚಳ ತೆಗೆದರೆ ನುಸಿ ಹಾರುತ್ತಿದ್ದವು.

ಮೆಸೇಜು ಬಂದ ಸಂಜೆ ನಾನು ಅಟ್ಟ ಹತ್ತಿದೆ. ಏನು ಹುಡುಕಲಿಕ್ಕೆ ಹತ್ತಿದೆನೋ ಮರೆತಿದೆ, ಕೈಗೆ ಸಿಕ್ಕಿದ್ದು ಟೆಂಟಿನ ಚೀಲ. ಬೆಲೆಯ ಚೀಟಿಯೂ ಹರಿದಿರಲಿಲ್ಲ. ಅದನ್ನು ಕೊಂಡು ತಂದ ದಿನ ಅವರು ನಕಾಶೆ ಹಾಸಿ, ದಕ್ಷಿಣದ ತುದಿಯ ಹತ್ತಿರ ಬೆರಳಿಟ್ಟು, "ಇಲ್ಲೊಂದು ಸಣ್ಣ ಬಂದರ ಐತಿ. ಹಾದಿ ಅಲ್ಲೇ ಮುಗೀತೈತಿ. ಕಾರಿನ್ಯಾಗ ಹೋಗೂಣು, ದಂಡಿ ಮ್ಯಾಲ ಮಲಗೂಣು" ಎಂದಿದ್ದರು. ಪ್ರತಿ ವರ್ಷ "ಬರೂ ವರ್ಷ" ಎಂದರು. ಚೀಲ ನೋಡುತ್ತಿದ್ದಂತೆ ನನಗೆ ಎಲ್ಲಿಲ್ಲದ ಹಟ ಬಂತು. ನಾನೇ ಹೋಗುತ್ತೇನೆ. ಅಲ್ಲಿ ಹೋದರೆ ಉತ್ತರ ಹೊಳೆಯುತ್ತದೆ ಎಂದುಕೊಂಡೆನೋ, ಅವರ ಊರನ್ನು ಅವರಿಗಿಂತ ಮೊದಲು ನೋಡಿ ಅವರ ಹೊಟ್ಟೆ ಉರಿಸಬೇಕೆಂದುಕೊಂಡೆನೋ, ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

"ಕಾರ್ ಐತಿ, ರಜಾ ಐತಿ. ಶುಕ್ರವಾರ ತಿರುಗಿ ಬರ್ತೀನಿ" ಎಂದೆ.

"ಹುಚ್ಚೇನ ನಿನಗ? ಮನಿ ಇದ್ದಾಕಿ ಬಯಲಾಗ ಮಲಗಾಕ ಹೊಂಟೀಯೇನ?" ಎಂದ ಅವ್ವ, ನಾನು ಚೀಲ ಕೆಳಗಿಳಿಸುವಷ್ಟರಲ್ಲಿ, "ಒಬ್ಬಾಕಿನ ಬಿಡಂಗಿಲ್ಲ. ನಾನೂ ಬರ್ತೀನಿ" ಎಂದು ಖಡಕ್ ರೊಟ್ಟಿ ಎಣಿಸಲು ಕೂತಳು.

ಶನಿವಾರ ಬೆಳಿಗ್ಗೆ ಹೊರಟೆವು. ಹೊಸ್ತಿಲಲ್ಲಿ ನನ್ನ ಉಡಿ ತುಂಬಿದಳು. "ಲಗೂ ಮಾಡವ್ವ, ಶಂಶಾಬಾದ್ ದಾಟೂದ್ರಾಗ ಲಾರಿ ಗದ್ದಲ ಹತ್ತತೈತಿ" ಎಂದು ನಾನು ಕೈಯಲ್ಲಿ ಕೀಲಿ ಕುಣಿಸುತ್ತ ನಿಂತಿದ್ದೆ. ಅಕ್ಕಿ ಡಬ್ಬಿಗೆ ಹೋಯಿತು. ಅವ್ವನ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಉಡಿ ತುಂಬುವ ಅಕ್ಕಿ ಕೊಬ್ಬರಿ, ಐದು ಖಣ. ಖಣ ಯಾತಕ್ಕೆಂದರೆ "ಹಾದ್ಯಾಗ ಯಾರ ಉಡಿ ತುಂಬೂ ಪ್ರಸಂಗ ಬರತೈತೋ, ಕಂಡೋರು ಯಾರು?" ಎಂದಳು.

ಮೂರು ದಿನದ ದಾರಿ. ಮೆಸೇಜಿನ ಸುದ್ದಿಯನ್ನೂ ರವಿವಾರದ ಗಡುವನ್ನೂ ಅವ್ವನಿಗೆ ಕಾರಿನಲ್ಲೇ ಹೇಳಿದೆ. ಕರ್ನೂಲು ದಾಟಿ ಕಡಪದ ಹತ್ತಿರ ಒಂದು ಢಾಬಾದ ಹಿಂದಿನ ಮಾವಿನ ತೋಪಿನಲ್ಲಿ ಮೊದಲ ಸಲ ಟೆಂಟು ಹಾಕಿದೆವು. ಹಾಕಿದೆವು ಎನ್ನುವುದು ಸುಳ್ಳು. ಯಾವ ಕೋಲು ಯಾವ ತೂತಿಗೆ ಎಂದು ತಿಳಿಯದೆ ಒಂದೂವರೆ ತಾಸು ಒದ್ದಾಡಿದೆವು. "ಇದನ್ನ ತಂದಾವನ್ನ ಕರೀಬೇಕು ಈಗ" ಎಂದಳು ಅವ್ವ. ನನಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಕರೆದರೆ ಬರುತ್ತಾರಲ್ಲ, ಒಂದು ಮಾತು ಹೇಳಿದರೆ ಸಾಕಲ್ಲ ಎಂದು ಕಿಸೆಯಲ್ಲಿದ್ದ ಫೋನು ಸುಡುತ್ತಿತ್ತು. ಎರಡನೆಯ ದಿನ ತಮಿಳುನಾಡಿನಲ್ಲಿ ಮೂರು ಸಲ ದಾರಿ ತಪ್ಪಿದೆ. ಫೋನಿನ ನಕಾಶೆ ಬಲಕ್ಕೆ ಎನ್ನುತ್ತಿತ್ತು, ರಸ್ತೆಯ ಜನ ಎಡಕ್ಕೆ ಕೈ ತೋರಿಸುತ್ತಿದ್ದರು.

ಸೋಮವಾರ ಮಧ್ಯಾಹ್ನ ಆ ಬಂದರಿನ ಊರು ಸಿಕ್ಕಿತು. ಹೆಸರು ಬರೆಯುವುದಿಲ್ಲ, ಅಲ್ಲಿಯ ಒಬ್ಬ ಹೆಂಗಸಿನ ಮಾತನ್ನು ಹೇಳಲಿದ್ದೇನೆ, ಅವಳ ಹೆಸರು ಇನ್ನೊಮ್ಮೆ ಹತ್ತು ಬಾಯಿಗೆ ಬೀಳುವುದು ಬೇಡ. ಉಪ್ಪಿನ ಗದ್ದೆಗಳ ನಡುವೆ ನೇರವಾಗಿ ಬಂದ ರಸ್ತೆ ಮರಳಿನಲ್ಲಿ ನಿಂತುಹೋಯಿತು. ನಾನು ಇಳಿದು ಹಡಗು ಹುಡುಕಿದೆ. ಹಡಗೂ ಇಲ್ಲ, ಏನೂ ಇಲ್ಲ. ತುಕ್ಕು ಹಿಡಿದ ಒಂದು ಕ್ರೇನು, ಬೀಗ ಹಾಕಿದ ಗೋದಾಮು, ಅರ್ಧ ಕುಸಿದ ಕಟ್ಟೆ, ಹತ್ತಿಪ್ಪತ್ತು ದೋಣಿ. ಬಂದರು ಎಲ್ಲಿ ಎಂದು ಸನ್ನೆ ಮಾಡಿ ಕೇಳಿದರೆ, ಬಲೆ ಹೊಲಿಯುತ್ತಿದ್ದ ಮುದುಕ ನನ್ನ ಕಾಲ ಕೆಳಗಿನ ನೆಲ ತೋರಿಸಿದ.

ಇದಕ್ಕಾಗಿ ಅಷ್ಟು ವರ್ಷ ನಕಾಶೆ ಹಾಸಿಕೊಂಡು ಕೂರುತ್ತಿದ್ದರಾ? ಒಂದು ಕ್ಷಣ ಅವರ ಮೇಲೆ ಎಂಥದೋ ಜಯ ಸಿಕ್ಕಂತಾಯಿತು. ಮರುಕ್ಷಣವೇ, ಪಾಪ, ಈ ಮನುಷ್ಯ ಇಷ್ಟನ್ನೂ ನೋಡಲಿಲ್ಲವಲ್ಲ ಎನಿಸಿತು. ಕ್ರೇನಿನ ಫೋಟೋ ತೆಗೆದು ಅವರಿಗೆ ಕಳಿಸಲು ಹೋಗಿ, ಕಳಿಸಲಿಲ್ಲ.

ದಂಡೆಯ ಮೇಲೆ ಟೆಂಟು ಹಾಕಿದರೆ ಗಾಳಿ ಗೂಟ ಸಮೇತ ಕಿತ್ತು ಹಾರಿಸಿಕೊಂಡು ಹೋಯಿತು. ನಾನು ಅದರ ಹಿಂದೆ ಓಡುತ್ತಿದ್ದರೆ ಅವ್ವ "ಹಿಡಿ, ಹಿಡಿ!" ಎಂದು ಕೂಗುತ್ತಿದ್ದಳು. ಅದನ್ನು ಹಿಡಿದುಕೊಟ್ಟವಳು, ದಂಡೆಗೆ ಹತ್ತಿದ ಒಂದು ಸಣ್ಣ ಮನೆಯ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸು. ಸುಮಾರು ನನ್ನದೇ ವಯಸ್ಸು, ನಲವತ್ತರ ಮೇಲೆ. ಕಾರಿನ ನಂಬರು ನೋಡಿ ಸೊಗಸಾದ ತೆಲುಗಿನಲ್ಲಿ "ಹೈದರಾಬಾದಾ?" ಎಂದಳು. ನಮಗೆ ದೇವರು ಸಿಕ್ಕ ಹಾಗಾಯಿತು. ಮದುವೆಗೆ ಮುಂಚೆ ನೆಲ್ಲೂರು ಕಡೆ ಸೀಗಡಿ ಕೆರೆಗಳಲ್ಲಿ ಅಪ್ಪ ಅಮ್ಮನ ಜೊತೆ ದುಡಿದವಳಂತೆ. "ಅಲ್ಲಿ ಬೇಡ ಅಕ್ಕಾ, ನನ್ನ ಗೋಡೆಯ ಮರೆಗೆ ಹಾಕಿಕೊಳ್ಳಿ" ಎಂದಳು. ಅವಳ ಅಂಗಳದಲ್ಲಿ ಎರಡು ದಿನ ಉಳಿದೆವು.

ಮೊದಲ ಒಂದು ತಾಸು ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಕೂತಿದ್ದಳು. ಒಣಮೀನಿನ ವಾಸನೆ ನಮ್ಮಂಥವರಿಗೆ ಸುಲಭವಲ್ಲ. ಸಂಜೆಯ ಹೊತ್ತಿಗೆ ಮೂಗು ಮರೆತು ಅವಳ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ನಮಗಾಗಿ ಬೇರೆ ಒಲೆ ಹೂಡಿ, ಬೇರೆ ಪಾತ್ರೆಯಲ್ಲಿ ಅನ್ನ ಸಾರು ಮಾಡಿಕೊಟ್ಟಳು ಆ ಪುಣ್ಯಾತ್ಮಳು. ನಮ್ಮ ಖಡಕ್ ರೊಟ್ಟಿಯನ್ನು ಮುರಿದು ನೋಡಿ "ಇದು ಇಷ್ಟು ದೊಡ್ಡ ಹಪ್ಪಳವಾ?" ಎಂದಳು. ಅವ್ವ ನಕ್ಕಿದ್ದೇ ನಕ್ಕಿದ್ದು.

ಅವಳ ಕೊರಳಲ್ಲಿ ತಾಳಿ ಇತ್ತು, ಹಣೆಯಲ್ಲಿ ಸಣ್ಣ ಬೊಟ್ಟು, ಕೈಯಲ್ಲಿ ಗಾಜಿನ ಬಳೆ. ಹಗ್ಗದ ಮೇಲೆ ಒಗೆದು ಹಾಕಿದ ಗಂಡಸಿನ ಎರಡು ಅಂಗಿ. ಮನೆಯಲ್ಲಿ ಗಂಡಸು ಮಾತ್ರ ಕಾಣಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲ ಕಾಲು ತಾಸಿನಲ್ಲೇ "ನಿನ್ನ ಗಂಡ ಎಲ್ಲಮ್ಮ?" ಎಂದು ಕೇಳಿರುತ್ತಿದ್ದರು. ನಾವು ಕೇಳಲಿಲ್ಲ. ಮೂರು ವರ್ಷ ಮದುವೆ ಮುಂಜಿಗಳಲ್ಲಿ ಆ ಪ್ರಶ್ನೆ ತಿಂದೂ ತಿಂದೂ ನಮಗೆ ಸಾಕಾಗಿತ್ತು. "ಯಾರ್ನೂ ಗಂಡನ ಸುದ್ದಿ ಕೇಳಬಾರ್ದು, ಹೇಳೂವಂಗಿದ್ರ ಅವರ ಹೇಳ್ತಾರ" ಎಂಬುದು ಅವ್ವನ ಇನ್ನೊಂದು ಕಾಯಿದೆ, ಇತ್ತೀಚಿನದು. ದೋಣಿಯವನು, ದೋಣಿಯ ಮೇಲಿರುತ್ತಾನೆ ಎಂದುಕೊಂಡು ಸುಮ್ಮನಾದೆವು. ಅವಳೂ ನನ್ನನ್ನು ಏನೂ ಕೇಳಲಿಲ್ಲ. ಅದಕ್ಕೇ ಅವಳು ನನಗೆ ಅಷ್ಟು ಹಿಡಿಸಿದ್ದು.

ಮಂಗಳವಾರ ಇಡೀ ದಿನ ಕುಸಿದ ಕಟ್ಟೆಯ ಮೇಲೆ ಕೂತೆ. ಬರಲಿ ಎಂದರೆ ಏನಾಗುತ್ತದೆ, ಬೇಡ ಎಂದರೆ ಏನಾಗುತ್ತದೆ ಎಂದು ಎರಡನ್ನೂ ತೂಗಿದೆ. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಸಮುದ್ರ ನೋಡಿದರೆ ಮನಸ್ಸು ತಿಳಿಯಾಗುತ್ತದೆ ಎಂದು ಹೇಳುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಕೂರಿಸಬೇಕು. ನನಗೆ ತಲೆನೋವು ಬಂತು, ಮೂಗು ಬಿಸಿಲಿಗೆ ಸುಟ್ಟಿತು, ಉತ್ತರ ಮಾತ್ರ ಬರಲಿಲ್ಲ.

ಬುಧವಾರ ಬೆಳಿಗ್ಗೆ ಟೆಂಟು ಮಡಚಿ ಕಾರಿಗೆ ಹಾಕಿದೆವು. ಅವ್ವ ಕೈಕಾಲು ತೊಳೆದು, ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು, ಎಲೆ ಅಡಿಕೆ, ಕೆಂಪು ಅಂಚಿನ ಹಸಿರು ಖಣ ಜೋಡಿಸಿಕೊಂಡು ಬಂದಳು. "ಇದ್ದು ಉಂಡ ಮನಿ. ಆ ಹೆಣಮಗಳ ಉಡಿ ಖಾಲಿ ಬಿಟ್ಟು ಹೋಗೂದು ಸರಿಯಲ್ಲ" ಎಂದಳು. ಆ ಹೆಂಗಸು ನನ್ನ ಮುಖ ನೋಡಿದಳು. ನಮ್ಮ ಕಡೆ ಮುತ್ತೈದೆಗೆ ಮಾಡುವ ಮರ್ಯಾದೆ, ಸೆರಗು ಒಡ್ಡಬೇಕು ಎಂದು ನಾನೇ ತೆಲುಗಿನಲ್ಲಿ ಹೇಳಿಕೊಟ್ಟೆ. ಅವಳು ಕೊರಳ ತಾಳಿಯನ್ನೊಮ್ಮೆ ಮುಟ್ಟಿಕೊಂಡಳು. ಆಮೇಲೆ ಸೆರಗು ಹಿಡಿದಳು. ಅವ್ವ ಕುಂಕುಮ ಹಚ್ಚಿ ಉಡಿ ತುಂಬಿದಳು.

ತುಂಬಿ ಮುಗಿಯುವಷ್ಟರಲ್ಲಿ ಪಕ್ಕದ ಮನೆಯಿಂದ ಒಬ್ಬ ದಪ್ಪ ಹೆಂಗಸು ಓಡಿಬಂದಳು. ಬಂದವಳೇ ತಮಿಳಿನಲ್ಲಿ ಕೂಗಾಡತೊಡಗಿದಳು. ಅವಳ ಹಿಂದೆ ಇನ್ನೂ ನಾಲ್ಕು ಜನ ಬಂದು ನಿಂತರು. ಕೈ ಅಕ್ಕಿಯ ಕಡೆ, ಸಮುದ್ರದ ಕಡೆ, ನಮ್ಮ ಕಡೆ ಹೋಗುತ್ತಿತ್ತು. ನಮಗೆ ತಲೆ ಬುಡ ತಿಳಿಯಲಿಲ್ಲ. ಏನಂತೆ, ಏನು ತಪ್ಪಾಯಿತು ಎಂದು ನಾನು ಕೇಳಿದೆ.

ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ ಆ ಹೆಂಗಸು, ತನ್ನನ್ನು ಬೈಯುತ್ತಿದ್ದ ಮಾತನ್ನು ತಾನೇ ನಮಗೆ ತೆಲುಗಿನಲ್ಲಿ ಬಿಡಿಸಿ ಹೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ಇವಳು ನನ್ನ ಗಂಡನ ಅಣ್ಣನ ಹೆಂಡತಿ. ಏನು ಹೇಳ್ತಿದ್ದಾಳೆ ಅಂದರೆ, ನನ್ನ ಗಂಡ ಎಂಟು ವರ್ಷದ ಹಿಂದೆ ಸಮುದ್ರಕ್ಕೆ ಹೋದವನು ಬಂದಿಲ್ಲ. ದೋಣಿಯೂ ಸಿಕ್ಕಿಲ್ಲ, ಅವನೂ ಸಿಕ್ಕಿಲ್ಲ. ಇನ್ನು ಕಾಯೋದು ಸಾಕು, ಶುಕ್ರವಾರ ಅವನ ಕರ್ಮ ಮಾಡೋದು, ನನ್ನ ತಾಳಿ ತೆಗೆಯೋದು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ಅದಕ್ಕೆ ಎರಡು ದಿನ ಇರುವಾಗ ನೀವು ಬಂದು ಕುಂಕುಮ ಹಚ್ಚಿದ್ದೀರಿ. ಅಕ್ಕಿ ತಗೊಂಡುಹೋಗಿ ಸಮುದ್ರಕ್ಕೆ ಚೆಲ್ಲು ಅಂತಿದ್ದಾಳೆ." ಸ್ವಲ್ಪ ತಡೆದು ಕೇಳಿಸಿಕೊಂಡು, "ನೀವು ಯಾರು ಅಂತಲೂ ಕೇಳ್ತಿದ್ದಾಳೆ" ಎಂದಳು.

"ಹೈದರಾಬಾದಿನವರು ಅಂತ ಹೇಳಮ್ಮ" ಎಂದೆ. ಅದಕ್ಕಿಂತ ಬುದ್ಧಿವಂತಿಕೆಯ ಮಾತು ನನ್ನ ಬಾಯಿಗೆ ಬರಲಿಲ್ಲ.

ಅವ್ವ ಮರಳಿನ ಮೇಲೇ ಕೂತುಬಿಟ್ಟಳು. "ಅಯ್ಯ ಶಿವನ, ನಾ ಎಂಥಾ ಕೆಲಸಾ ಮಾಡಿ ಕುಂತೆ! ಈಗ ಏನ್ ಮಾಡ್ಲೆ, ಹೇಳಲೇ?" ಎಂದು ನನ್ನ ಕೈ ಜಗ್ಗಿದಳು. ನನಗೇನು ಗೊತ್ತು? ತುಂಬಿದ ಉಡಿಯನ್ನು ತಿರುಗಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅವಳ ಗಂಡ ಇದ್ದರೆ ನಾವು ಮಾಡಿದ್ದು ಹಾರೈಕೆ, ಇಲ್ಲದಿದ್ದರೆ ಗಾಯದ ಮೇಲೆ ಉಪ್ಪು. ಇದ್ದಾನೋ ಇಲ್ಲವೋ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವಳ ಓರಗಿತ್ತಿ ಸೆರಗಿಗೆ ಕೈ ಹಾಕಲು ಬಂದಳು. ಇವಳು ಒಂದು ಹೆಜ್ಜೆ ಹಿಂದೆ ಸರಿದು ಅವ್ವನ ಎದುರಿಗೆ ಕೂತಳು.

"ಅಮ್ಮಾ, ಒಂದು ಹೇಳಿ. ಇದನ್ನ ನನಗೆ ಕೊಟ್ಟಿದ್ದಾ, ಅವನಿಗಾ?"

ಆ ಉತ್ತರ ನನಗೂ ಬೇಕಾಗಿತ್ತು.

ತೆಲುಗು ಬಲ್ಲ ಅವ್ವನ ಬಾಯಿಗೆ ಗಡಿಬಿಡಿಯಲ್ಲಿ ಕನ್ನಡವೇ ಬಂತು. "ನಿನಗ! ನಿನ್ನ ಮಾರಿ ನೋಡಿ ಕೊಟ್ಟೀನಿ. ನಿನ್ನ ಅಂಗಳದಾಗ ಮಲಗೀವಿ, ನಿನ್ನ ಕೈಯಾನ ನೀರು ಕುಡದೀವಿ. ಅವನ್ನ ನಾ ಎಲ್ಲಿ ನೋಡೀನಿ?" ನಾನು ತೆಲುಗಿನಲ್ಲಿ ಹೇಳಹೊರಟರೆ ನನ್ನನ್ನು ತಡೆದು, ತಾನೇ ಮತ್ತೊಮ್ಮೆ ತೆಲುಗಿನಲ್ಲಿ ಪೂರ್ತಿ ಹೇಳಿದಳು.

"ಹಾಗಾದರೆ ಸರಿ" ಎಂದಳು ಆ ಹೆಂಗಸು. ಎದ್ದು ಓರಗಿತ್ತಿಗೆ ತಮಿಳಿನಲ್ಲಿ ಎರಡು ಮಾತು ಹೇಳಿದಳು. ಆಕೆ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು. ಏನಂದೆ ಎಂದು ನಾನು ಕೇಳಿದರೆ "ಅಕ್ಕಿ ನನ್ನದಂತೆ, ಇವತ್ತು ಬೇಯಿಸಿಕೊಂಡು ಊಟ ಮಾಡ್ತೀನಿ ಅಂದೆ. ಎಂಟು ವರ್ಷದಿಂದ ಈ ಮನೆಗೆ ಯಾರು ಏನು ತಂದರೂ ಅವನ ಹೆಸರಲ್ಲೇ ತಂದಿದ್ದು" ಎಂದಳು.

ಹೊರಡುವ ಗಡಿಬಿಡಿಯಲ್ಲಿ ನಾನು ಒಂದು ಹಿಡಿ ತಿರುಗಿ ಕೊಡುವ ರೂಢಿಯನ್ನೂ ಹೇಳಿಬಿಟ್ಟೆ. ನನ್ನ ಬಾಯಿ ಸುಮ್ಮನಿರುವುದಿಲ್ಲ. ಅವಳು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು, ನಾನು ಹಿಡಿದ ತಾಟನ್ನು ಬಿಟ್ಟು, ಅವ್ವನ ಮುಂದೆ ಹೋಗಿ ನಿಂತಳು. ಸೆರಗು ಒಡ್ಡಿ ಎಂದು ಕಣ್ಣಲ್ಲೇ ಹೇಳಿದಳು. ಅವ್ವ ಹಿಂದೆ ಸರಿದಳು.

"ನನಗ ಬ್ಯಾಡವಾ. ನನಗ ನಡಿಯಂಗಿಲ್ಲ. ನಮ್ಮನಿಯವರು ಹೋಗಿ ಹನ್ನೊಂದು ವರ್ಷ ಆತು." ಇದನ್ನು ನಾನು ತೆಲುಗಿಗೆ ತಂದು ಹೇಳಿದೆ.

"ಅವರಿಗಲ್ಲ, ನಿಮಗೆ ಕೊಡ್ತಿರೋದು" ಎಂದಳು ಅವಳು.

ಅವ್ವ ನನ್ನನ್ನು ನೋಡಿದಳು, ನಾಲ್ಕೂ ಕಡೆ ನಿಂತ ಹೆಂಗಸರನ್ನು ನೋಡಿದಳು, ಹುಮನಾಬಾದಿನ ಬಂಧುಗಳು ಎಲ್ಲಾದರೂ ನಿಂತಿದ್ದಾರೋ ಎನ್ನುವ ಹಾಗೆ. ಆಮೇಲೆ ಸೆರಗು ಒಡ್ಡಿದಳು. ನಾಲ್ಕು ಕಾಳು ಮರಳಿಗೆ ಬಿದ್ದವು. ಅವನ್ನೂ ಬಿಡದೆ ಆರಿಸಿಕೊಂಡಳು. ನನಗೆ ಅಳು ಬಂತು. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು, ಅವಳ ಕೈಯಿಂದ ನೂರು ಸಲ ಉಡಿ ತುಂಬಿಸಿಕೊಂಡು, ನನಗೆ ಹೊಳೆಯದ್ದು ಒಣಮೀನಿನ ಅಂಗಳದ ಹೆಂಗಸಿಗೆ ಹೊಳೆಯಿತಲ್ಲ ಎಂದು ನಾಚಿಕೆಯಾಯಿತು.

ಉಪ್ಪಿನ ಗದ್ದೆ ದಾಟಿದೆವು. ಅವ್ವ ಆ ಒಂದು ಹಿಡಿ ಅಕ್ಕಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮುಷ್ಟಿಯಲ್ಲಿ ಹಿಡಿದಿದ್ದಳು. ಕೊನೆಗೆ ನನಗೇ ತಡೆಯಲಿಲ್ಲ.

"ಅವ್ವ, ಮೂರು ವರ್ಷ ನನ್ನ ಉಡಿ ತುಂಬೀದಿ. ನನಗ ತುಂಬೀದ್ಯೋ, ಅವರಿಗೋ?"

ಅವ್ವ ಕಿಟಕಿಯ ಕಡೆ ತಿರುಗಿದಳು. ಒಂದು ಟೋಲ್ ಗೇಟು ಬಂತು, ಹೋಯಿತು.

"ಅವಗ" ಎಂದಳು. "ಅವ ತಿರುಗಿ ಬರ್ಲಿ ಅಂತ. ಸುಳ್ಳ ಯಾಕ ಹೇಳ್ಲಿ ನಿನ್ನ ಮುಂದ?"

ಸಿಟ್ಟು ನೆತ್ತಿಗೇರಿತು. ಮೂರು ವರ್ಷ ನಾನು ಬರೀ ಸೆರಗು ಹಿಡಿದುಕೊಂಡು ನಿಂತವಳು ಹಾಗಾದರೆ. "ನಿಲ್ಲಸ್ಲೇನ ಕಾರು? ಇಲ್ಲೇ ಇಳೀತೀಯೇನ?" ಎಂದು ಕೂಗಿದೆ. "ಇಳಸು. ತಪ್ಪು ನಂದಽ ಐತಿ, ಇಳೀತೀನಿ" ಎಂದು ಅವಳು ಅಳತೊಡಗಿದಳು. ಅವಳು ಅತ್ತಿದ್ದನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ಕಾರು ನಿಲ್ಲಿಸಿದೆ. ಇಬ್ಬರೂ ಇಳಿದು ಎಳನೀರು ಕುಡಿದೆವು, ಮತ್ತೆ ಹತ್ತಿದೆವು.

ಶುಕ್ರವಾರ ಬೆಳಿಗ್ಗೆ ಹೈದರಾಬಾದಿಗೆ ಮುಟ್ಟಿದೆವು. ಸ್ನಾನ ಮಾಡಿ ಬರುವಷ್ಟರಲ್ಲಿ ಅವ್ವ ಸ್ಟೀಲಿನ ಡಬ್ಬಿಯನ್ನು ನೆಲದ ಮೇಲೆ ಇಟ್ಟುಕೊಂಡು ಕೂತಿದ್ದಳು. ಮೊರದ ತುಂಬ ಅಕ್ಕಿ, ನುಸಿ ಆರಿಸುತ್ತಿದ್ದಳು. ನಾನೂ ಎದುರಿಗೆ ಕೂತು ಆರಿಸತೊಡಗಿದೆ. "ಇವತ್ತ ಶುಕ್ರವಾರ" ಎಂದಳು. ಹೌದು ಎಂದೆ. ಆ ಅಂಗಳದಲ್ಲಿ ಈಗ ಏನು ನಡೆದಿದೆಯೋ, ತಾಳಿ ತೆಗೆಸಿದರೋ, ಅವಳೇ ತೆಗೆದಳೋ, ತೆಗೆಯಲೇ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ನಾವು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಅದೂ ಗೊತ್ತಿಲ್ಲ. ಅವಳ ಫೋನ್ ನಂಬರು ಕೇಳುವಷ್ಟು ಬುದ್ಧಿ ನಮಗಿಬ್ಬರಿಗೂ ಇರಲಿಲ್ಲ.

ಅವ್ವ ಸೆರಗಿನ ಗಂಟು ಬಿಚ್ಚಿ ಆ ಒಂದು ಹಿಡಿಯನ್ನೂ ಮೊರಕ್ಕೆ ಹಾಕಿದಳು. "ರವಿವಾರದ ಮಟಾ ಕಾಯೂದು ಬ್ಯಾಡ. ಒಲಿ ಹಚ್ತೀನಿ. ನಿನ್ನ ಉತ್ತರ ನೀ ಹೇಳ್ಕೋ" ಎಂದು ಎದ್ದುಹೋದಳು.

ನಾನು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು.

"ಆರಾಮ ಇದ್ದೀಯೇನ?"

"ಬರಬ್ಯಾಡ್ರಿ" ಎಂದೆ.

"ಸಿಟ್ಟೇನ?"

"ಸಿಟ್ಟೈತ್ರಿ. ಆದ್ರ ಅದಕ್ಕಲ್ಲ. ನೀವು ಬೇಕೋ ಬ್ಯಾಡೋ ನನಗ ಗೊತ್ತಾಗವಲ್ದು."

"ಬಂದ ಮ್ಯಾಲ ಗೊತ್ತಾಗಬಹುದಲ್ಲ?"

"ಇಲ್ರಿ. ನನಗ ಗೊತ್ತಾದ ಮ್ಯಾಲ ನೀವು ಬರೂದು. ಗೊತ್ತಾಗ್ಲಿಲ್ಲಂದ್ರ ಇಲ್ಲ. ರೂಮು ಬ್ಯಾರೆ ನೋಡ್ಕೋರಿ." ಫೋನನ್ನು ಇನ್ನೊಂದು ಕಿವಿಗಿಟ್ಟುಕೊಂಡು ಹೇಳಿದೆ. "ನೀವು ಹೇಳ್ತಿದ್ದಿರಲ್ಲ, ಆ ಬಂದರಕ್ಕ ಹೋಗಿ ಬಂದೆ."

ಸೊಲ್ಲಾಪುರದ ಆ ಒಂದು ಲೋಟದ ರೂಮು ನನ್ನ ಕಣ್ಣ ಮುಂದೆ ಬಂತು. ಪಾಪ ಎನಿಸಿತು, ಇಲ್ಲ ಎನ್ನಲಾರೆ.

"ಹೆಂಗೈತಿ ಅಲ್ಲಿ?" ಎಂದರು.

"ಏನೂ ಇಲ್ರಿ ಅಲ್ಲಿ" ಎಂದೆ. "ಒಬ್ಬಾಕಿ ಅದಾಳ."

ಒಳಗಿನಿಂದ ಬೆಲ್ಲ ಕರಗುವ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಅವ್ವ ಎರಡು ತಾಟು ಹಾಕಿದ್ದಳು. ಮೂರು ವರ್ಷದ ಹಳೆಯ ಅಕ್ಕಿ ಚೆನ್ನಾಗಿ ಅರಳಿತ್ತು. ಕೂತ ಕೂಡಲೇ ನನ್ನ ತಾಟಿಗೆ ಎರಡು ಸೌಟು ಬೆಲ್ಲದನ್ನ ಬಡಿಸಿ, ಮೇಲೆ ತುಪ್ಪ ಸುರಿದು, "ನಿನಗಽ ಮಾಡೀನಿ. ಒಂದ ಅಗಳ ಬಿಟ್ರ ನೋಡು ಮತ್ತ" ಎಂದಳು.

ನಾನು ಅವಳ ತಾಟಿಗೆ ಬಡಿಸಿದೆ. ಇಬ್ಬರೂ ಉಂಡೆವು.